ಹಳೇ ಕೋವಿಯ ಗುರುತು ಉಜ್ಜಬೇಡಿ

ಮಾನ್ಯ ಸಂಪಾದಕರೇ,

ನಾನು ಅಮೆರಿಕದ ಓಹಾಯೋದಲ್ಲಿರುವ ಕನ್ನಡಿಗ. ನನ್ನ ಹೆಂಡತಿ ಇಲ್ಲಿಯವಳೇ. ಎರಡನೇ ಮಹಾಯುದ್ಧ ಮುಗಿಸಿ ಬರುವಾಗ ಅವಳ ಅಜ್ಜ ತಂದಿದ್ದ ಜರ್ಮನ್ ಕೋವಿ, ಮೌಸರ್ ಕೆ98ಕೆ, ಹೋದ ವರ್ಷ ನಮ್ಮ ಪಾಲಿಗೆ ಬಂತು.

ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡೇ ಮೇಜಿನ ಮೇಲಿಟ್ಟೆ. ಟಾರ್ಚನ್ನು ಓರೆಯಾಗಿ ಹಿಡಿದಾಗ ನಳಿಗೆಯ ಬುಡದ ಹತ್ತಿರ ಮೂರು ಪುಟ್ಟ ಅಕ್ಷರ ಕಂಡವು: ‘ಬಿವೈಎಫ್’. ಅದರ ಕೆಳಗೆ 43. ಯುದ್ಧಕಾಲದಲ್ಲಿ ಜರ್ಮನ್ನರು ಕಾರ್ಖಾನೆಯ ಹೆಸರು ಒತ್ತುತ್ತಿರಲಿಲ್ಲ, ಗುಟ್ಟಿನ ಅಕ್ಷರ ಒತ್ತುತ್ತಿದ್ದರು. ಇದು ಜರ್ಮನಿಯ ಓಬರ್ನ್‌ಡಾರ್ಫ್ ಊರಿನ ಮೌಸರ್ ಕಾರ್ಖಾನೆಯಲ್ಲಿ 1943ರಲ್ಲಿ ತಯಾರಾದದ್ದು. ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಹದ್ದು, ಅದರಡಿ 135. ಸೇನೆಯ ತಪಾಸಣೆಯ ಮುದ್ರೆ ಅದು. ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಬೋಲ್ಟ್ ಮೇಲಿನ ನಂಬರೂ ಬಾಡಿಯ ನಂಬರೂ ಒಂದೇ. ಅಂದರೆ ಎರಡೂ ಹುಟ್ಟಿದಾಗಿನಿಂದ ಜೊತೆಗಿವೆ. ನನಗೆ ಮೈ ಜುಮ್ಮೆಂದಿತು.

ಆದರೆ ಮರದ ಹಿಡಿಯನ್ನು ಯಾರೋ ಚೆಂದ ಕಾಣಲಿ ಅಂತ ಮರಳು ಕಾಗದದಿಂದ ಉಜ್ಜಿಬಿಟ್ಟಿದ್ದಾರೆ. ಅಲ್ಲಿದ್ದ ಮುದ್ರೆಯಲ್ಲಿ ಈಗ ಉಳಿದಿರುವುದು ಹದ್ದಿನ ಒಂದು ರೆಕ್ಕೆ ಮಾತ್ರ. ತುಂಬಾ ಬೇಜಾರಾಯಿತು. ಕೇಳೋಣ ಅಂದರೆ ಅಜ್ಜ ಈಗಿಲ್ಲ, ಕಥೆ ಹೇಳಲು ಉಳಿದಿರುವುದು ಆ ಗುರುತುಗಳೇ ತಾನೇ?

ಇಂಥ ಹಳೇ ವಸ್ತು ಮನೆಯಲ್ಲಿರುವವರು ದಯವಿಟ್ಟು ಪಾಲಿಶ್, ವೈರ್ ಬ್ರಷ್ ಮುಟ್ಟಿಸಬೇಡಿ. ಮೆತ್ತನೆ ಬಟ್ಟೆಗೆ ಎರಡು ಹನಿ ಎಣ್ಣೆ ಸಾಕು. ಮೊದಲು ಫೋಟೋ ತೆಗೆದಿಡಿ.

– ಓದುಗ, ಓಹಾಯೋ