ಅರ್ಧ ನ್ಯೂಟ್ರಾನಿನ ಗೊಂದಲ ಬಿಡಿಸಿದ ಹಿರಿಯರಿಗೆ

ಕಳೆದ ಭಾನುವಾರ ಸಂಜೆ ಮೈಸೂರಿನಿಂದ ಬೆಂಗಳೂರಿಗೆ ಬರುವ ರೈಲಿನಲ್ಲಿ ಕ್ಲೋರಿನ್ ಪರಮಾಣುವಿನಲ್ಲಿ ನ್ಯೂಟ್ರಾನುಗಳೆಷ್ಟು ಎಂಬ ನನ್ನ ಮಗಳ ಲೆಕ್ಕ ಬಿಡಿಸಿಕೊಟ್ಟ ಹಿರಿಯರಿಗೆ, ಹೆಸರು ಕೇಳುವುದನ್ನೂ ಮರೆತ ಈ ತಂದೆಯ ಹೃತ್ಪೂರ್ವಕ ಧನ್ಯವಾದಗಳು. ಆವರ್ತ ಕೋಷ್ಟಕದಲ್ಲಿ ಕ್ಲೋರಿನ್‌ನ ಪರಮಾಣು ಸಂಖ್ಯೆ 17 ಎಂದಿರುವುದರಿಂದ ಪ್ರೋಟಾನುಗಳು 17, ತಟಸ್ಥ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳೂ ಅಷ್ಟೇ ಎಂಬುದು ನಮಗೆ ತಿಳಿದಿತ್ತು. ಆದರೆ ಪರಮಾಣು ತೂಕವಾದ 35.5ರಿಂದ 17 ಕಳೆದಾಗ ಉಳಿದ ಹದಿನೆಂಟೂವರೆ ನ್ಯೂಟ್ರಾನು ಇಬ್ಬರನ್ನೂ ಕಂಗೆಡಿಸಿತ್ತು. (19 ಎಂದು ಬರೆದುಬಿಡು ಎಂದವನು ನಾನೇ.) ತಾವು ನಗದೆ, ಪೊಟ್ಟಣದಿಂದ ನಾಲ್ಕು ಕಡಲೆಕಾಯಿ ತೆಗೆದು ಪುಸ್ತಕದ ಮೇಲಿಟ್ಟು, ಮೂರಕ್ಕೆ 35, ಒಂದಕ್ಕೆ 37 ಎಂದು ಹೇಳಿ, ಸರಾಸರಿ ತೆಗೆಯುವುದನ್ನು ಅವಳಿಗೇ ಬಿಟ್ಟಿರಿ. 142ನ್ನು ನಾಲ್ಕರಿಂದ ಭಾಗಿಸಿದೊಡನೆ, ಕೋಷ್ಟಕದ ಆ ಅಂಕಿಯು ನಿಸರ್ಗದಲ್ಲಿ ಸುಮಾರು ಮೂರಕ್ಕೊಂದರಂತೆ ಬೆರೆತಿರುವ ಎರಡು ಸಮಸ್ಥಾನಿಗಳ (ಪ್ರೋಟಾನುಗಳು ಅಷ್ಟೇ ಇದ್ದು ನ್ಯೂಟ್ರಾನುಗಳು ಮಾತ್ರ ಬೇರೆಯಾದ ಪರಮಾಣುಗಳ) ಸರಾಸರಿಯೇ ಹೊರತು ಯಾವ ಒಂದು ಪರಮಾಣುವಿನ ರಾಶಿ ಸಂಖ್ಯೆಯೂ (ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಎಣಿಕೆ) ಅಲ್ಲವೆಂದು, ನ್ಯೂಟ್ರಾನುಗಳು ಒಂದರಲ್ಲಿ 18, ಇನ್ನೊಂದರಲ್ಲಿ 20 ಎಂದು ಅವಳೇ ಹೇಳಿದಳು. ಉಪ್ಪಿನಲ್ಲಿರುವ ಕ್ಲೋರೈಡಿಗೆ ಎಲೆಕ್ಟ್ರಾನುಗಳೆಷ್ಟು ಎಂದು ತಾವು ಕೇಳುವಷ್ಟರಲ್ಲಿ ಕೆಂಗೇರಿ ಬಂದಿತು. ಒಂದನ್ನು ಹೆಚ್ಚಾಗಿ ಪಡೆಯುವುದರಿಂದ 18 ಎಂದು ಅವಳು ಮನೆಯಲ್ಲಿ ಬರೆದಿಟ್ಟಿದ್ದಾಳೆ. ಕಡಲೆಕಾಯಿಗಳನ್ನು ಮಾತ್ರ ನಾನು ತಿಂದೆ.