ಒಂದನೇ ನಂಬರಿನ ಬ್ಯಾಡ್ಜು

ಪ್ರೀತಿಯ ತಂಗಿಗೆ,

ಅಮೆರಿಕದ ಪೊಲೀಸ್ ಮಹಿಳೆ ಆಲಿಸ್ ವೆಲ್ಸ್ ಬಗ್ಗೆ ನೀನು ಬರೆದ ಜೀವನಚರಿತ್ರೆಯ ಹಸ್ತಪ್ರತಿ ಬಂದು ಇಪ್ಪತ್ತು ದಿನವಾಯಿತು. ಓದುವುದಕ್ಕೆ ಮೂರು ದಿನ ಸಾಕಾಯಿತು, ಉಳಿದ ದಿನಗಳು ಸಿಟ್ಟು ಇಳಿಯುವುದಕ್ಕೆ ಬೇಕಾದವು. ಇಬ್ಬರು ಪ್ರಕಾಶಕರು ಹಿಂದಿರುಗಿಸಿದರು, ಇನ್ನು ಬರೆಯುವುದನ್ನೇ ಬಿಡುತ್ತೇನೆ ಎಂದು ಜೊತೆಗಿಟ್ಟ ಚೀಟಿಯಲ್ಲಿ ತಿಳಿಸಿದ್ದೀಯ. ಆ ನಾಲ್ಕು ಸಾಲಿನಲ್ಲಿರುವ ಜೀವ ಇನ್ನೂರು ಪುಟಗಳಲ್ಲಿ ಇದ್ದಿದ್ದರೆ ನಾನೇ ಅದನ್ನು ಹೊತ್ತುಕೊಂಡು ಪ್ರಕಾಶಕರ ಬಾಗಿಲಿಗೆ ಹೋಗುತ್ತಿದ್ದೆ.

ಅಧ್ಯಾಯಗಳು ಎಷ್ಟಿರಬೇಕು, ಮುನ್ನುಡಿ ಯಾರಿಂದ ಬರೆಸಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಹೇಳಲು ಊರು ತುಂಬ ಜನರಿದ್ದಾರೆ. ನನ್ನ ತಕರಾರು ಒಂದೇ ಒಂದು ಪದದ ಮೇಲೆ: ‘ಮೊದಲ’. ಆರಂಭದ ಅಧ್ಯಾಯದಲ್ಲೇ ಅದು ಹದಿನೇಳು ಸಲ ಬಂದಿದೆ. ಪೆನ್ಸಿಲಿನಿಂದ ಸುತ್ತು ಹಾಕಿ ಎಣಿಸಿದ್ದೇನೆ.

ಆಲಿಸ್ ಸ್ಟೆಬಿನ್ಸ್ ವೆಲ್ಸ್ 1910ರ ಸೆಪ್ಟೆಂಬರ್ 12ರಂದು ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಗೆ ಸೇರಿದರು. ‘ಜಗತ್ತಿನ ಮೊದಲ ಮಹಿಳಾ ಪೊಲೀಸ್’ ಎಂದು ನೀನು ಜಾಗಟೆ ಬಾರಿಸುತ್ತೀಯ. ಅಲ್ಲಮ್ಮಾ, 1908ರಲ್ಲೇ ಪೋರ್ಟ್‌ಲ್ಯಾಂಡ್ ನಗರದಲ್ಲಿ ಲೋಲಾ ಬಾಲ್ಡ್ವಿನ್ ಪೊಲೀಸ್ ಪ್ರಮಾಣವಚನ ಸ್ವೀಕರಿಸಿದ್ದರಲ್ಲ? ಅದಕ್ಕೂ ಹಿಂದೆ 1891ರಲ್ಲಿ ಶಿಕಾಗೋದಲ್ಲಿ ಮೇರಿ ಓವೆನ್ಸ್ ಇದ್ದರು. ಗಂಡ ವಿಷಮಶೀತ ಜ್ವರದಿಂದ ತೀರಿಕೊಂಡ ಮೇಲೆ ಐದು ಮಕ್ಕಳನ್ನು ಸಾಕಬೇಕಾಗಿದ್ದ ಹೆಂಗಸು. ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಎಳೆಯ ಮಕ್ಕಳನ್ನು ಹುಡುಕುವ ತಪಾಸಣೆಯ ಕೆಲಸದಿಂದ ಪೊಲೀಸ್ ಇಲಾಖೆಗೆ ಬಂದರು. ಸಾರ್ಜೆಂಟ್ ದರ್ಜೆ, ಬಂಧಿಸುವ ಅಧಿಕಾರ ಎರಡೂ ಸಿಕ್ಕವು. 1923ರವರೆಗೆ ದುಡಿದರು. ಆಮೇಲೆ ಬರೆಯಲು ಕುಳಿತ ಒಬ್ಬ ಇತಿಹಾಸಕಾರ ಆಕೆಯನ್ನು ಯಾರೋ ಪೊಲೀಸಿನವನ ವಿಧವೆಯೆಂದು ತಪ್ಪಾಗಿ ದಾಖಲಿಸಿದ. ಅಷ್ಟು ಸಾಕಾಯಿತು, ಎಂಬತ್ತು ವರ್ಷ ಆಕೆ ಯಾರ ಲೆಕ್ಕಕ್ಕೂ ಸಿಗಲಿಲ್ಲ. ನಿವೃತ್ತ ಅಧಿಕಾರಿಯೊಬ್ಬರು ಹಳೆಯ ಕಾಗದಗಳನ್ನು ಕೆದಕಿ ಹೊರತೆಗೆಯಬೇಕಾಯಿತು.

ಇದನ್ನು ಹೇಳುವಾಗ ನನ್ನ ಧ್ವನಿ ಏರುತ್ತಿದ್ದರೆ ಕಾರಣವಿದೆ. ಮೂವತ್ತರ ಹರೆಯದಲ್ಲಿ ನಾನೂ ಒಂದು ಅಭಿನಂದನಾ ಗ್ರಂಥಕ್ಕೆ ಜೀವನಚಿತ್ರ ಬರೆದೆ. ಸರ್ಕಾರಿ ಕಚೇರಿಯೊಂದರ ‘ಪ್ರಥಮ ಮಹಿಳಾ ಬೆರಳಚ್ಚುಗಾರ್ತಿ’ಯ ಬಗ್ಗೆ. ಶಾಲು, ಹಾರ, ಫಲಪುಷ್ಪ ಎಲ್ಲ ಆಯಿತು. ವಾರದ ನಂತರ ಇನ್ನೊಬ್ಬ ವೃದ್ಧೆ ಮನೆಗೆ ಬಂದರು. ಪ್ಲಾಸ್ಟಿಕ್ ಚೀಲದಿಂದ ತಮ್ಮ ನೇಮಕಾತಿ ಆದೇಶ ತೆಗೆದು ಮೇಜಿನ ಮೇಲಿಟ್ಟರು. ತಾರೀಖು ಎರಡು ವರ್ಷ ಹಿಂದಿನದು. ಜಗಳವಾಡಲಿಲ್ಲ, ಕಾಫಿ ಕುಡಿದು ಹೋದರು. ಎರಡನೇ ಮುದ್ರಣದಲ್ಲಿ ಸರಿಪಡಿಸುತ್ತೇನೆ ಎಂದಿದ್ದೆ. ಅಭಿನಂದನಾ ಗ್ರಂಥಗಳಿಗೆ ಎರಡನೇ ಮುದ್ರಣ ಎಲ್ಲಿಂದ ಬರಬೇಕು?

ಇರಲಿ. ನಿನ್ನ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪುಟ ಒಂದಿದೆ, ಟ್ರಾಮ್‌ನದು. ಆಗ ಪೊಲೀಸರು ಬ್ಯಾಡ್ಜು ತೋರಿಸಿದರೆ ಟಿಕೆಟ್ ಕೊಳ್ಳಬೇಕಿರಲಿಲ್ಲ. ವೆಲ್ಸ್ ತೋರಿಸಿದಾಗ ಕಂಡಕ್ಟರ್ ನಂಬಲಿಲ್ಲ. ಗಂಡನ ಬ್ಯಾಡ್ಜನ್ನು ದುರುಪಯೋಗ ಮಾಡುತ್ತಿದ್ದೀರಿ ಎಂದ. ಕೊನೆಗೆ ಇಲಾಖೆ ‘ಪೊಲೀಸ್ ಮಹಿಳೆ, ನಂಬರ್ ಒಂದು’ ಎಂದು ಬೇರೆ ಬ್ಯಾಡ್ಜನ್ನೇ ಮಾಡಿಸಿಕೊಟ್ಟಿತು. ನೋಡು, ನೀನು ಕಿರೀಟವೆಂದು ಕೊಂಡಾಡುವ ಆ ‘ಒಂದು’ ಹುಟ್ಟಿದ್ದು ಒಬ್ಬ ಕಂಡಕ್ಟರನ ಅನುಮಾನದಿಂದ! ಇದನ್ನು ಬರೆದ ಕೈಯೇ ಮುಂದಿನ ಪುಟದಲ್ಲಿ ‘ಸಂಕೋಲೆಗಳನ್ನು ಕಿತ್ತೊಗೆದ ಧೀರೆ’ ಎಂದು ಹೇಗೆ ಬರೆಯಿತೋ ತಿಳಿಯದು. ಆಕೆ ಕಿತ್ತೊಗೆದದ್ದಕ್ಕಿಂತ ಹೊಲಿದುಕೊಂಡದ್ದೇ ಹೆಚ್ಚು. ಸಮವಸ್ತ್ರ ಕೊಡುವವರಿರಲಿಲ್ಲ, ನೆಲ ಮುಟ್ಟುವ ಲಂಗ ಮತ್ತು ಕೋಟನ್ನು ತಾವೇ ಹೊಲಿದುಕೊಂಡರು. ಇಲಾಖೆ ಕೊಟ್ಟದ್ದು ಬೀದಿಯ ದೂರವಾಣಿ ಪೆಟ್ಟಿಗೆಯ ಕೀಲಿಕೈ, ನಿಯಮಗಳ ಪುಸ್ತಕ, ಪ್ರಥಮ ಚಿಕಿತ್ಸೆಯ ಪುಸ್ತಕ. ಬಂದೂಕು ಇಲ್ಲ. ಈ ಸಾಮಾನುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿಬಿಡು, ವಿಶೇಷಣ ಒಂದೂ ಬೇಡ.

ಇನ್ನೊಂದು ಮಾತು, ಇದು ನಿನಗೆ ಇಷ್ಟವಾಗದು. ವೆಲ್ಸ್ ದೇವತಾಶಾಸ್ತ್ರ ಓದಿ ಚರ್ಚಿನಲ್ಲಿ ಉಪದೇಶ ಮಾಡಿದವರು. ನೃತ್ಯಶಾಲೆ, ಸ್ಕೇಟಿಂಗ್ ಅಂಗಳ, ಸಿನಿಮಾ ಮಂದಿರಗಳಲ್ಲಿ ಹುಡುಗ ಹುಡುಗಿಯರ ಮೇಲೆ ಕಣ್ಣಿಡುವುದೇ ಅವರಿಗೆ ಒಪ್ಪಿಸಿದ ಕೆಲಸ. ನಿನ್ನಂಥವಳು ಆಗ ಅಲ್ಲಿದ್ದಿದ್ದರೆ ಕೈಹಿಡಿದು ಮನೆಗೆ ಅಟ್ಟುತ್ತಿದ್ದರು. ಎಳೆಯ ಹುಡುಗಿಯರನ್ನು ಗಂಡು ಪೊಲೀಸರು ಪ್ರಶ್ನಿಸಕೂಡದು, ಅದು ಹೆಂಗಸರ ಕೆಲಸ ಎಂಬ ಆದೇಶ ಬಂದದ್ದೂ ಅವರು ಸೇರಿದ ಮೇಲೆಯೇ. ಕಾವಲು, ಕರುಣೆ ಎರಡೂ ಒಂದೇ ಸೆರಗಿನಲ್ಲಿದ್ದವು. ನೀನು ಕರುಣೆಯನ್ನಷ್ಟೇ ಬಿಡಿಸಿಕೊಂಡೆ. ಆಕೆ ನಿನಗೆ ಎಲ್ಲಿ ಇಷ್ಟವಾಗುವುದಿಲ್ಲವೋ ಅಲ್ಲಿಂದ ಶುರುಮಾಡು.

ಜಾರ್ಜಿಯಾ ಆನ್ ರಾಬಿನ್ಸನ್ ಅವರಿಗೆ ಒಂದೇ ಸಾಲು ಯಾಕೆ? 1916ರಲ್ಲಿ ಸ್ವಯಂಸೇವಕಿಯಾಗಿ ಬಂದು 1919ರಲ್ಲಿ ಅದೇ ಇಲಾಖೆಗೆ ನೇಮಕಗೊಂಡ ಕಪ್ಪು ಮಹಿಳೆ. 1928ರಲ್ಲಿ ಜೈಲಿನಲ್ಲಿ ಹೊಡೆದಾಡುತ್ತಿದ್ದ ಇಬ್ಬರು ಕೈದಿಗಳನ್ನು ಬಿಡಿಸಲು ಹೋಗಿ ಕಣ್ಣು ಕಳೆದುಕೊಂಡರು. ಪುಸ್ತಕದಲ್ಲಿ ‘ಮೊದಲ’ ಎನ್ನುವ ಸ್ಥಾನ ಆಗಲೇ ಭರ್ತಿಯಾಗಿತ್ತು, ಹಾಗಾಗಿ ಇವರಿಗೆ ಜಾಗ ಉಳಿಯಲಿಲ್ಲ, ಅಲ್ಲವೇ? ವೆಲ್ಸ್ 1934ರಲ್ಲಿ ಆ ಇಲಾಖೆಯ ಇತಿಹಾಸಕಾರರಾದದ್ದನ್ನೂ ಅರ್ಧ ಪ್ಯಾರಾದಲ್ಲಿ ಮುಗಿಸಿದ್ದೀಯ. ನಿವೃತ್ತಿಗೆ ಮುಂಚಿನ ಆರು ವರ್ಷ ಹಳೆಯ ಕಡತಗಳ ನಡುವೆ ಕುಳಿತ ಹೆಂಗಸು! ನನಗಂತೂ ಭಾಷಣಕ್ಕಾಗಿ ಊರೂರು ಸುತ್ತಿದ ವೆಲ್ಸ್‌ಗಿಂತ ಈ ವೆಲ್ಸ್ ಮೇಲೆಯೇ ಆಸೆ.

ಬರೆಯುವುದನ್ನು ಬಿಡುವ ವಿಚಾರ ನನಗೆ ಕೇಳಿಸಲೇ ಇಲ್ಲ ಎಂದುಕೋ. ಹಸ್ತಪ್ರತಿಯನ್ನು ನಾಳೆ ಅಂಚೆಯಲ್ಲಿ ಕಳಿಸುತ್ತೇನೆ. ಟ್ರಾಮ್‌ನ ಪುಟ ಮಾತ್ರ ಅದರಲ್ಲಿ ಇರುವುದಿಲ್ಲ, ಅದನ್ನು ನಾನು ಇಟ್ಟುಕೊಂಡಿದ್ದೇನೆ. ನಿನ್ನ ಹತ್ತಿರ ಇನ್ನೊಂದು ಪ್ರತಿ ಇದ್ದೇ ಇರುತ್ತದಲ್ಲ.

ಇಂತು ನಿನ್ನ
ಅಕ್ಕ