ಮಗಳಿಗೊಂದು ಪತ್ರ: ರಾತ್ರಿ ಯಾರಿರ್ತಾರೆ?

ಪ್ರೀತಿಯ ಪುಟ್ಟಿ,

ದೊಡ್ಡಮ್ಮನಿಗೆ ಅಂತ ನೀನು ಕಳಿಸಿದ ವೃದ್ಧಾಶ್ರಮಗಳ ಪಟ್ಟಿ ಹಿಡಿದುಕೊಂಡು ನಾನೂ ಅಪ್ಪನೂ ಕುಶಾಲನಗರ, ವಿರಾಜಪೇಟೆ ಕಡೆಯೆಲ್ಲ ನೋಡಿ ಬಂದೆವು. ಫೋಟೋದಲ್ಲಿ ನಿನಗೆ ತುಂಬಾ ಹಿಡಿಸಿದ್ದ ಜಾಗ ನನಗೆ ಬೇಡ ಅನ್ನಿಸಿತು. ಫೋನಿನಲ್ಲಿ ಹೇಳೋಣ ಅಂದರೆ ದೊಡ್ಡಮ್ಮ ಪಕ್ಕದಲ್ಲೇ ಇದ್ದರು.

ಕಾಫಿ ತೋಟದ ಮಧ್ಯೆ ಇದೆ, ಚೆಂದವೇ. ಆದರೆ ಒಳಗೆ ಲಕ್ವ ಹೊಡೆದ ಒಬ್ಬ ಅಜ್ಜಿ ಮಲಗಿದ್ದರು. ಎಡಗೈಯಲ್ಲಿ ಸ್ವಾಧೀನವಿಲ್ಲ. ನೀರಿನ ಲೋಟ ಎಡಗಡೆಯ ಸ್ಟೂಲಿನ ಮೇಲೇ ಇತ್ತು, ತುಂಬಿದ ಹಾಗೇ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಆಯಾಳನ್ನು ಕರೆದು ಕೂರಿಸಿ ಕುಡಿಸಿದೆವು, ಪೂರ್ತಿ ಕುಡಿದರು. ನೆಲ ಮಾತ್ರ ಥಳಥಳ ಅಂತಿತ್ತು. ಅಷ್ಟು ಚೆನ್ನಾಗಿ ಒರೆಸಿದವರಿಗೆ ಆ ಲೋಟ ಕಾಣಲಿಲ್ಲವಾ?

ರಾತ್ರಿ ಯಾರಿರ್ತಾರೆ ಅಂತ ಕೇಳಿದೆ. ವಾಚ್‌ಮನ್ ಇದ್ದಾನೆ ಅಂದರು. ವಾಚ್‌ಮನ್ ಗೇಟು ಕಾಯುತ್ತಾನೆ. ದೊಡ್ಡಮ್ಮ ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವವರು, ಕಣ್ಣು ಬೇರೆ ಮಂಜು. ನಮ್ಮ ಮಳೆಗಾಲದಲ್ಲಿ ನೆಲ ಒಣಗುವುದೇ ಇಲ್ಲ, ಕರೆಂಟೂ ಹೋಗ್ತಾ ಬರ್ತಾ ಇರುತ್ತದೆ. ಈ ವಯಸ್ಸಿಗೆ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನ ಹಾಗೆ ಓಡಾಡುವುದು ಕಷ್ಟ. ಹಾಗಾಗಿ ಎಚ್ಚರವಾಗಿರುವ ಒಬ್ಬರು ರಾತ್ರಿ ಇರಲೇಬೇಕು. ಇದೊಂದರಲ್ಲಿ ನಾನು ರಾಜಿ ಆಗುವುದಿಲ್ಲ.

ಇನ್ನೊಂದು ಕಡೆ ಹಳೇ ಹೆಂಚಿನ ಕಟ್ಟಡ. ನೀನು ಫೋಟೋ ನೋಡಿದ್ದರೆ ಬೇಡ ಅಂತಿದ್ದೆ. ಅಲ್ಲಿ ಒಬ್ಬ ನರ್ಸ್ ಹಾಸಿಗೆ ಹಿಡಿದ ಅಜ್ಜನನ್ನು ಮಗ್ಗುಲು ಬದಲಿಸುತ್ತಿದ್ದಳು. ಹಿಮ್ಮಡಿಯಲ್ಲಿ ಸ್ವಲ್ಪ ಕೆಂಪಾಗಿತ್ತು. ಬೆರಳಿನಿಂದ ಒತ್ತಿ ಬಿಟ್ಟಳು, ಒಂದು ಕ್ಷಣ ಬೆಳ್ಳಗಾಯಿತು. ಒತ್ತಿದರೂ ಕೆಂಪು ಹೋಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ ಲೆಕ್ಕವಂತೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಗೋಡೆಯ ಚಾರ್ಟಿನಲ್ಲಿ ಬರೆಯುತ್ತಾರೆ. ರಾತ್ರಿ ಎರಡು ಗಂಟೆಯದೂ, ನಾಲ್ಕು ಗಂಟೆಯದೂ ಬರೆದಿತ್ತು, ಬೇರೆ ಕೈಬರಹದಲ್ಲಿ. ನನಗೆ ಅಲ್ಲೇ ಅರ್ಧ ಸಮಾಧಾನ ಆಯಿತು.

ಮಾತ್ರೆಗಳು ಒಬ್ಬೊಬ್ಬರದೂ ಹೆಸರು ಬರೆದ ಬೇರೆ ಬೇರೆ ಡಬ್ಬಿಯಲ್ಲಿವೆ, ಕೊಟ್ಟವರು ಸಹಿ ಹಾಕುತ್ತಾರೆ. ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಇದೆ. ಗಲಾಟೆ ಮಾಡುವವರಿಗೆ ನಿದ್ದೆ ಮಾತ್ರೆ ಕೊಡ್ತೀರಾ ಅಂತ ಅಪ್ಪ ನೇರವಾಗಿಯೇ ಕೇಳಿದರು. ಡಾಕ್ಟರು ಬರೆಯದೆ ಯಾವುದನ್ನೂ ಕೊಡುವುದಿಲ್ಲ ಅಂದರು. ಕೈಕಾಲು ಕಟ್ಟುವುದೂ ಇಲ್ಲ.

ಒಂದು ಕೇಳುವುದು ಬಾಕಿ ಇದೆ. 2018ರ ಆಗಸ್ಟ್ ನಿನಗೆ ನೆನಪಿದೆಯಲ್ಲ, ಗುಡ್ಡ ಕುಸಿದು ಮಡಿಕೇರಿ-ಮಂಗಳೂರು ರಸ್ತೆಯೇ ಬಂದ್ ಆಗಿತ್ತು. ಮಳೆಯಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಮಡಿಕೇರಿ ಜಿಲ್ಲಾ ಆಸ್ಪತ್ರೆಗೆ ಹೇಗೆ ಕರೆದೊಯ್ಯುತ್ತಾರೆ, ಜನರೇಟರ್ ಇದೆಯಾ, ಇನ್ಸುಲಿನ್ ಇಡುವ ಫ್ರಿಜ್ಜಿಗೂ ಅದರ ಲೈನ್ ಇದೆಯಾ ಅಂತ ಅಪ್ಪ ವಿಚಾರಿಸುತ್ತಾರೆ.

ಹಿರಿಯರ ಸಹಾಯವಾಣಿ 14567 ನಂಬರನ್ನು ದೊಡ್ಡಮ್ಮನ ಫೋನಿನಲ್ಲಿ ಹಾಕಿಕೊಟ್ಟಿದ್ದೇನೆ. ನಮ್ಮ ಹತ್ತಿರ ಹೇಳಲಾಗದ್ದನ್ನು ಅಲ್ಲಿ ಹೇಳಿಕೊಳ್ಳಬಹುದು.

ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಮೊದಲು ದೊಡ್ಡಮ್ಮನನ್ನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಅವರು ಬೇಡ ಅಂದರೆ ಬೇಡ, ನಮ್ಮ ಮನೆಯಲ್ಲೇ ಇರಲಿ. ಒಪ್ಪಿದರೆ ನೀನು ಊರಿಗೆ ಬಂದಾಗೆಲ್ಲ ಹೇಳದೆ ಕೇಳದೆ ರಾತ್ರಿ ಊಟದ ಹೊತ್ತಿಗೆ ಹೋಗಿ ನೋಡಬೇಕು. ಅವರ ಶುಗರ್ ಚೀಟಿ ನಿನ್ನ ಹತ್ತಿರ ಇದ್ದರೆ ಬೇಗ ಕಳಿಸು.

ನಿನ್ನ ಅಮ್ಮ